ಎಲುಬಿಗೂ ಒಂದು ಕ್ಯಾಲೆಂಡರ್ ಐತಿ

ಮಕ್ಕಳೇ, ಮುಂದೆ ಓದುವುದಕ್ಕಿಂತ ಮೊದಲು ಒಂದು ಸಣ್ಣ ಕೆಲಸ ಮಾಡ್ರಿ. ಕುಳಿತಲ್ಲೇ ಮೊಣಕಾಲ ಚಿಪ್ಪಿನ ಕೆಳಗೆ ಹೆಬ್ಬೆರಳು ಇಟ್ಟು, ಕಾಲಿನ ಮುಂಭಾಗದ ಮೇಲೆ ಮೆಲ್ಲಗೆ ಒತ್ತುತ್ತ ಪಾದದ ಗಂಟಿನವರೆಗೂ ಇಳಿಸ್ರಿ. ಬೆರಳಿಗೆ ಗಟ್ಟಿಯಾಗಿ ಹತ್ತುವುದು ಒಂದು ಎಲುಬು. ಅದರ ಮೇಲೆ ತೊಗಲು ಬಿಟ್ಟರೆ ಬೇರೆ ಹೊದಿಕೆ ಇಲ್ಲವೆಂದೇ ಹೇಳಬೇಕು. ಅದಕ್ಕೇ ಕತ್ತಲಾಗ ಮಂಚದ ಕಟ್ಟಿಗೆ ಬಡಿದರೆ ಕಣ್ಣಾಗ ನೀರು ಬರುತ್ತದೆ. ಪುಸ್ತಕದಲ್ಲಿ ಇದರ ಹೆಸರು ಟಿಬಿಯಾ. ನಮ್ಮ ಮೈಯಲ್ಲಿ ತೊಡೆಯ ಎಲುಬು ಬಿಟ್ಟರೆ ಇದೇ ಉದ್ದದ ಎಲುಬು. ಈ ಸಲದ ಲೇಖನ ಈ ಎಲುಬಿನ ಬಗ್ಗೆ, ಮತ್ತು ಅದು ಮುನಿಸಿಕೊಂಡಾಗ ಓಡುವವನ ಗತಿ ಏನಾಗುತ್ತದೆ ಎಂಬುದರ ಬಗ್ಗೆ.

ನಮ್ಮ ಜತ್ ತಾಲೂಕಿನ್ಯಾಗ ಮಳೆಗೆ ಬರ ಇರಬಹುದು, ಓಡುವವರಿಗೆ ಬರ ಇಲ್ಲ. ಸಂಖ, ಉಮದಿ, ಮಾಡಗ್ಯಾಳದ ಕಡೆ ನಸುಕಿನ ಐದು ಗಂಟೆಗೆ ಎದ್ದು ರಸ್ತೆಗೆ ಬಂದರೆ ಕಾಣುವುದು ಹಾಲಿನ ಗಾಡಿ, ಮತ್ತು ಡಾಂಬರ್ ಅಂಚಿಗುಂಟ ಸಾಲಾಗಿ ಓಡುವ ಹುಡುಗರು. ಪೊಲೀಸ್ ಭರತಿ, ಸೈನ್ಯದ ಭರತಿ. ನಿಮ್ಮ ಮನೆಯಲ್ಲಿ ಅಣ್ಣ, ಕಾಕಾನ ಮಗ, ಇಲ್ಲವೇ ಅಕ್ಕ ಒಬ್ಬರಾದರೂ ಈ ಸಾಲಿನಲ್ಲಿ ಇದ್ದೇ ಇರುತ್ತಾರೆ. ಮಹಾರಾಷ್ಟ್ರ ಪೊಲೀಸ್ ಶಿಪಾಯಿ ಭರತಿಯ ಮೈದಾನ ಪರೀಕ್ಷೆಗೆ 50 ಅಂಕ. ಅದರಲ್ಲಿ 20 ಅಂಕ ಒಂದು ಓಟಕ್ಕೇ ಇವೆ, ಹುಡುಗರಿಗೆ 1600 ಮೀಟರ್, ಹುಡುಗಿಯರಿಗೆ 800 ಮೀಟರ್. ಇವರಿಗೆ ತರಬೇತುದಾರ ಇಲ್ಲ, ಸ್ಟೇಡಿಯಂ ಇಲ್ಲ, ಪಗಾರವೂ ಇಲ್ಲ. ಹೊಲದ ಕೆಲಸ ಮುಗಿಸಿ ಓಡಬೇಕು, ಓಡಿ ಬಂದು ಮತ್ತೆ ಹೊಲಕ್ಕೆ ಹೋಗಬೇಕು. ವಯಸ್ಸಿನ ಮಿತಿ ಬೇರೆ ಬೆನ್ನು ಹತ್ತಿರುತ್ತದೆ. ಹಿಂಗಾಗಿ ಕಾಲು ನೋಯಲು ಶುರುವಾದರೆ ಇವರು ನಿಲ್ಲುವುದಿಲ್ಲ.

ನಮ್ಮಲ್ಲಿ ಕಲಿತು ಹೊರಗೆ ಹೋದ ಒಬ್ಬ ಹುಡುಗನೂ ನಿಲ್ಲಲಿಲ್ಲ. ದಿನಾ ಎರಡು ಕಿಲೋಮೀಟರ್ ಓಡುತ್ತಿದ್ದವ, ಭರತಿ ಬರುತ್ತದಂತೆ ಎಂಬ ಸುದ್ದಿ ಹಬ್ಬಿದ ಕೂಡಲೇ ಮೂರು ವಾರದೊಳಗೆ ಎಂಟು ಕಿಲೋಮೀಟರಿಗೆ ಏರಿಸಿದ. ಮೊದಲ ಹದಿನೈದು ದಿನ ಭಾಳ ಖುಷಿಯಲ್ಲಿದ್ದ. "ಸರ್, ಈಗ ಉಸಿರೇ ಹತ್ತೂದಿಲ್ರಿ, ಎಷ್ಟ ಬೇಕಾದಷ್ಟ ಓಡ್ತೀನಿ," ಅಂತ ಸಿಕ್ಕಾಗೆಲ್ಲ ಹೇಳುತ್ತಿದ್ದ. ನಾಲ್ಕನೇ ವಾರಕ್ಕೆ ಎಡಗಾಲಿನ ಈ ಎಲುಬಿನ ಒಳಅಂಚಿನಲ್ಲಿ ನೋವು ಕಾಣಿಸಿತು. ಎಣ್ಣೆ ತಿಕ್ಕಿದ, ಬಿಸಿನೀರು ಹಾಕಿದ, ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗಿದ, ಟವೆಲ್ ಬಿಗಿದು ಕಟ್ಟಿಕೊಂಡು ಓಡಿದ. ಐದನೇ ವಾರ ನಡೆಯುವುದೂ ಕಠಿಣವಾಯಿತು.

ಅವನು ಮೊದಲು ಹೇಳಿದ ಮಾತು ಮತ್ತು ಆಮೇಲೆ ಅವನಿಗಾದದ್ದು, ಎರಡೂ ಖರೆ. ಉಸಿರು ಹತ್ತುತ್ತಿರಲಿಲ್ಲ, ಆದರೂ ಎಲುಬು ಬಿರಿಯಿತು. ಇದು ಹೆಂಗ ಸಾಧ್ಯ?

ಮೊದಲು ಒಂದು ಲೆಕ್ಕ ಮಾಡೋಣ, ವಹಿ ತೆಗೀರಿ. 1600 ಮೀಟರ್ ಓಡುವಾಗ ಒಂದು ಹೆಜ್ಜೆಗೆ ಸುಮಾರು ಒಂದು ಮೀಟರ್ ಅಂತ ಹಿಡಿದರೆ 1600 ಹೆಜ್ಜೆ, ಒಂದೊಂದು ಕಾಲಿಗೆ 800. ಓಡುವಾಗ ಪಾದ ನೆಲಕ್ಕೆ ತಾಗಿದ ಕ್ಷಣ ನಮ್ಮ ತೂಕದ ಎರಡರಿಂದ ಮೂರು ಪಟ್ಟು ಬಲ ಕಾಲಿನ ಮೇಲೆ ಬೀಳುತ್ತದೆ. 60 ಕಿಲೋ ತೂಕದ ಹುಡುಗನಿಗೆ ಎರಡೂವರೆ ಪಟ್ಟು ಅಂದರೆ 150 ಕಿಲೋ. 800ಕ್ಕೆ 150ರಿಂದ ಗುಣಿಸಿದರೆ 1,20,000 ಕಿಲೋ, ಅಂದರೆ 120 ಟನ್. ಹತ್ತು ಟನ್ ಲೋಡಿನ ಲಾರಿ ಹನ್ನೆರಡು! ಇದೆಲ್ಲ ಒಮ್ಮೆಲೇ ಬೀಳುವುದಿಲ್ಲ, ಹೆಜ್ಜೆ ಹೆಜ್ಜೆಗೂ ಹಂಚಿಕೊಂಡು ಬೀಳುತ್ತದೆ, ಅದಕ್ಕೇ ಎಲುಬು ತಡೆಯುತ್ತದೆ. ಆದರೂ ಒಂದೇ ತಂತಿಯನ್ನು ಮೇಲೆ ಕೆಳಗೆ ಮೇಲೆ ಕೆಳಗೆ ಬಗ್ಗಿಸುತ್ತ ಹೋದರೆ ಏನಾಗುತ್ತದೆ ನಿಮಗೆ ಗೊತ್ತು. ಕೈಯಿಂದ ಒಂದೇ ಸಲಕ್ಕೆ ಹರಿಯಲಾಗದ ತಂತಿ ಇಪ್ಪತ್ತನೆಯ ಸಲಕ್ಕೆ ಪಟ್ಟನೆ ಮುರಿಯುತ್ತದೆ. ಎಲುಬಿನಲ್ಲೂ ಇಂಥ ಸಣ್ಣ ಸಣ್ಣ ಬಿರುಕು ಬೀಳುತ್ತವೆ.

ತಂತಿಗೂ ಎಲುಬಿಗೂ ಒಂದು ದೊಡ್ಡ ಫರಕು ಏನಂದರೆ, ಎಲುಬು ಜೀವಂತ ಐತಿ. ಸತ್ತ ಪ್ರಾಣಿಯ ಬಿಳಿ ಎಲುಬು ನೋಡಿ ನೋಡಿ ನಮಗೆ ಅದು ಕಲ್ಲಿನಂಥ ವಸ್ತು ಅಂತ ಅನಿಸಿಬಿಟ್ಟಿದೆ. ನಿಮ್ಮೊಳಗಿನ ಎಲುಬಿನಲ್ಲಿ ರಕ್ತ ಹರಿಯುತ್ತದೆ, ನರ ಇವೆ, ಹಗಲೂ ರಾತ್ರಿ ದುರಸ್ತಿ ನಡೆದಿರುತ್ತದೆ. ಈ ದುರಸ್ತಿಗೆ ಎರಡು ತರಹದ ಕೆಲಸಗಾರರು. ಹಳೆಯ, ಬಿರುಕು ಬಿಟ್ಟ ಭಾಗವನ್ನು ಕರಗಿಸಿ ತೆಗೆಯುವ ಕೋಶಗಳಿಗೆ ಆಸ್ಟಿಯೋಕ್ಲಾಸ್ಟ್ ಅಂತಾರೆ. ಅಲ್ಲಿ ಹೊಸ ಎಲುಬು ಕಟ್ಟುವ ಕೋಶಗಳಿಗೆ ಆಸ್ಟಿಯೋಬ್ಲಾಸ್ಟ್ ಅಂತಾರೆ.

ನಮ್ಮ ಊರಿನ ರಸ್ತೆ ರಿಪೇರಿ ನೆನಪು ಮಾಡಿಕೊಳ್ರಿ. ಮೊದಲು ಹಳೆಯ ಡಾಂಬರ್ ಕಿತ್ತು ಹಾಕುತ್ತಾರೆ. ಆಮೇಲೆ ಖಡಿ ಹಾಕಿ, ರೋಲರ್ ಹೊಡೆದು, ಹೊಸ ಡಾಂಬರ್. ಕೀಳುವ ಕೆಲಸ ಬೇಗ ಮುಗಿಯುತ್ತದೆ, ಕಟ್ಟುವ ಕೆಲಸಕ್ಕೆ ಹೊತ್ತು ಹಿಡಿಯುತ್ತದೆ. ನಡುವಿನ ಅವಧಿಯಲ್ಲಿ ರಸ್ತೆ ಹಳೆಯದಕ್ಕಿಂತ ಕೆಟ್ಟದಾಗಿರುತ್ತದೆ. ಎಲುಬಿನದೂ ಇದೇ ಕಥೆ. ಕರಗಿಸುವ ಕೆಲಸಕ್ಕೆ ಸುಮಾರು ಮೂರು ವಾರ ಸಾಕು. ಆ ಜಾಗ ತುಂಬಿ ಗಟ್ಟಿಯಾಗಲು ಸುಮಾರು ಮೂರು ತಿಂಗಳು ಬೇಕು. ಓಟ ಹೆಚ್ಚಿಸಿದ ಮೂರನೇ, ನಾಲ್ಕನೇ ವಾರದಲ್ಲಿ ಎಲುಬು ಮೊದಲಿಗಿಂತ ಸ್ವಲ್ಪ ದುರ್ಬಲವಾಗಿಯೇ ಇರುತ್ತದೆ. ಆ ಹುಡುಗನಿಗೆ ನೋವು ಬಂದದ್ದು ಯಾವಾಗ? ನಾಲ್ಕನೇ ವಾರ. ದೇವರು ಮುನಿದದ್ದಲ್ಲ, ಯಾರದೋ ಕಣ್ಣು ತಾಗಿದ್ದೂ ಅಲ್ಲ. ರಸ್ತೆ ಕಿತ್ತ ಹೊತ್ತಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಾಯ್ದಿತ್ತು, ಅಷ್ಟೇ.

ಇನ್ನು ಉಸಿರು. ಓಡಲು ಶುರು ಮಾಡಿದ ಕೆಲವೇ ದಿನಗಳಲ್ಲಿ ರಕ್ತದ ನೀರಿನ ಭಾಗ, ಅಂದರೆ ಪ್ಲಾಸ್ಮಾ, ಹೆಚ್ಚಾಗುತ್ತದೆ. ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳುತ್ತದೆ. ಕೆಲವು ವಾರಗಳಲ್ಲಿ ಸ್ನಾಯುಗಳ ಒಳಗಿನ ಮೈಟೊಕಾಂಡ್ರಿಯಾ ಹೆಚ್ಚುತ್ತವೆ. ಹೀಗಾಗಿ ಹೃದಯ, ಸ್ನಾಯು ತಿಂಗಳೊಳಗೆ "ನಾವು ತಯಾರು" ಎನ್ನುತ್ತವೆ. ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿಗಳು, ಮತ್ತು ಸ್ವತಃ ಎಲುಬು, ತಿಂಗಳುಗಟ್ಟಲೆ ಹಿಂದೆ ಉಳಿದಿರುತ್ತವೆ. ಒಂದೇ ಗಾಡಿಗೆ ಕಟ್ಟಿದ ಒಂದು ಎತ್ತು ಚುರುಕು, ಇನ್ನೊಂದು ನಿಧಾನ. ಚುರುಕಿನ ಎತ್ತನ್ನು ನೋಡಿ ಗಾಡಿ ಹೊಡೆದರೆ ನೊಗ ಮುರಿಯುತ್ತದೆ. ಓಡುವವರಿಗೆ ಬರುವ ಪೆಟ್ಟುಗಳಲ್ಲಿ ಭಾಳಷ್ಟು ಇಲ್ಲಿಂದಲೇ ಹುಟ್ಟುತ್ತವೆ ಅಂತ ನನ್ನ ತಿಳಿವಳಿಕೆ.

ನೋವಿನ ಎರಡು ಭಾಷೆ

ಈ ಎಲುಬಿನ ನೋವಿನಲ್ಲಿ ಎರಡು ತರಹ ಇವೆ. ಇದನ್ನು ಸರಿಯಾಗಿ ತಿಳಿದುಕೊಳ್ರಿ, ಮನೆಯಲ್ಲಿ ಓಡುವವರಿಗೂ ಹೇಳ್ರಿ.

ಮೊದಲನೆಯದು ಎಲುಬಿನ ಒಳಅಂಚಿನ ಉದ್ದಕ್ಕೂ, ನಾಲ್ಕಾರು ಬೆರಳಿನಗಲ ಹರಡಿಕೊಂಡ ನೋವು. ಓಟ ಶುರು ಮಾಡುವಾಗ ಜಾಸ್ತಿ, ಮೈ ಬಿಸಿಯಾದ ಮೇಲೆ ಕಡಿಮೆ. ಇದಕ್ಕೆ ಶಿನ್ ಸ್ಪ್ಲಿಂಟ್ ಅಂತಾರೆ. ಓಟ ಇಳಿಸಿ, ಸ್ವಲ್ಪ ದಿನ ಸುಧಾರಿಸಿಕೊಂಡರೆ ಸಾಮಾನ್ಯವಾಗಿ ಹೋಗುತ್ತದೆ. ಎರಡನೆಯದು ಒಂದೇ ಬೆರಳಿನಿಂದ "ಇಲ್ಲೇ, ಇಲ್ಲೇ" ಅಂತ ತೋರಿಸಬಹುದಾದ ನೋವು. ಓಡಿದಷ್ಟೂ ಹೆಚ್ಚಾಗುತ್ತದೆ, ಕುಂಟುವಂತೆ ಮಾಡುತ್ತದೆ, ರಾತ್ರಿ ಮಲಗಿದಾಗಲೂ ಎಚ್ಚರಿಸುತ್ತದೆ. ಇದು ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು ಬಿದ್ದದ್ದರ ಗುರುತು ಇರಬಹುದು. ಸ್ಟ್ರೆಸ್ ಫ್ರ್ಯಾಕ್ಚರ್ ಅಂತಾರೆ. ಇದಕ್ಕೆ ಡಾಕ್ಟರೇ ಬೇಕು, ತಿಕ್ಕುವವರು ಬೇಡ. ಬಿರಿದ ಎಲುಬನ್ನು ತಿಕ್ಕಿಸಿಕೊಂಡರೆ ಏನು ಲಾಭ, ನೀವೇ ಹೇಳ್ರಿ.

ನೋವಿನ ಗುಳಿಗೆ ನುಂಗಿ ಓಡುವುದಂತೂ ಮನೆಗೆ ಬೆಂಕಿ ಬಿದ್ದಾಗ ಬೊಗಳುವ ನಾಯಿಯ ಬಾಯಿ ಕಟ್ಟಿದಂಗ. ಬೆಂಕಿ ಆರುವುದಿಲ್ಲ, ಸಪ್ಪಳ ಅಷ್ಟೇ ನಿಲ್ಲುತ್ತದೆ.

ನಮ್ಮ ಹುಡುಗ ಎಕ್ಸ್‌ರೇ ತೆಗೆಸಿಕೊಂಡು ನನ್ನ ಹತ್ತಿರ ಬಂದ. "ಸರ್, ಎಕ್ಸ್‌ರೇದಾಗ ಏನೂ ಕಾಣಸೂದಿಲ್ಲಂದ್ರು. ಆದ್ರೂ ಓಡಬ್ಯಾಡ ಅಂತಾರ. ಏನೂ ಇಲ್ಲಂದ ಮ್ಯಾಲ ಓಡಬಹುದಲ್ರಿ?"

"ತಮ್ಮಾ, ಡಾಕ್ಟರ್ ಹೇಳಿದ್ದ ಬರೋಬ್ಬರಿ ಐತಿ. ಇನ್ನೂ ಹದಿನೈದ ದಿನ ತಡಿ," ಅಂದೆ.

ಯಾಕಂದರೆ ಕೂದಲೆಳೆಯ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣದೇ ಇರುವುದೇ ಹೆಚ್ಚು. ಬಿರುಕು ಅಷ್ಟು ಸಣ್ಣದು. ಅದರ ಸುತ್ತ ಹೊಸ ಎಲುಬು ಕಟ್ಟಲು ಶುರುವಾದ ಮೇಲೆ ಆ ಹೊಸ ಕಟ್ಟಡ ಬೆಳ್ಳಗೆ ಕಾಣುತ್ತದೆ. ಅಂದರೆ ಎಕ್ಸ್‌ರೇಯಲ್ಲಿ ನಾವು ಅನೇಕ ಸಲ ನೋಡುವುದು ಪೆಟ್ಟನ್ನಲ್ಲ, ಗುಣವಾಗುತ್ತಿರುವುದನ್ನು! ಎರಡನೇ ಎಕ್ಸ್‌ರೇಯಲ್ಲಿ ಅವನದೂ ಕಂಡಿತು. ಎಂಟು ವಾರ ಓಟ ಬಂದ್. ಭರತಿಯ ದಿನ ಅದರೊಳಗೇ ಬಂದು ಹೋಯಿತು.

ಅವರ ಅಪ್ಪ ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಪ್ರತಿ ವರ್ಷ ಕಬ್ಬು ಕಡಿಯಲು ಊರು ಬಿಟ್ಟು ಹೋಗುವ ಮನುಷ್ಯ. ಮಗನಿಗೆ ಬೂಟು ಕೊಡಿಸಲು ಆಡು ಮಾರಿದ್ದರು. "ಗುರುಗಳ, ವರ್ಷಗಟ್ಲೆ ಓಡಿದ್ದೆಲ್ಲಾ ಹೊಳ್ಯಾಗ ಹುಣಸಿಹಣ್ಣ ತೊಳದಂಗ ಆತ ನೋಡ್ರಿ," ಅಂದರು. ನನಗೆ ತಕ್ಷಣ ಏನೂ ಹೇಳಲು ಆಗಲಿಲ್ಲ. ಆದರೆ ಅವರ ಮಾತಿಗೆ ವಿಜ್ಞಾನದ ಹತ್ತಿರ ಒಂದು ಉತ್ತರ ಐತಿ.

1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಒಂದು ಪ್ರಯೋಗ ನಡೆಯಿತು. ಇಪ್ಪತ್ತು ವರ್ಷದ ಆಸುಪಾಸಿನ ಐದು ಆರೋಗ್ಯವಂತ ಹುಡುಗರನ್ನು ಮೂರು ವಾರ ಹಾಸಿಗೆಯ ಮೇಲೆಯೇ ಇಟ್ಟರು. ಏಳುವ ಹಾಗಿಲ್ಲ, ನಡೆಯುವ ಹಾಗಿಲ್ಲ. ಮೂರು ವಾರದ ನಂತರ ಅವರ ಮೈ ಒಂದು ನಿಮಿಷದಲ್ಲಿ ಬಳಸಬಲ್ಲ ಆಮ್ಲಜನಕದ ಪ್ರಮಾಣ ಸುಮಾರು ಕಾಲು ಭಾಗ ಇಳಿದಿತ್ತು. ಗಾಬರಿಯಾಗಬ್ಯಾಡ್ರಿ, ಮುಂದೆ ಕೇಳ್ರಿ. ಆಮೇಲೆ ಅದೇ ಐವರಿಗೆ ಸುಮಾರು ಎರಡು ತಿಂಗಳು ಓಟದ ತರಬೇತಿ ಕೊಟ್ಟರು. ಕಳೆದುಹೋದದ್ದು ಹೊಳ್ಳಿ ಬಂತು. ಮೊದಲು ವ್ಯಾಯಾಮವೇ ಇಲ್ಲದವರಿಗೆ ಮೊದಲಿಗಿಂತಲೂ ಹೆಚ್ಚಾಯಿತು. ಹೃದಯ, ಉಸಿರಿನ ಶಕ್ತಿ ಬೇಗ ಹೋಗುತ್ತದೆ, ಬೇಗ ಬರುತ್ತದೆ. ಅದು ಹೊಳೆಯಲ್ಲಿ ತೊಳೆದ ಹುಣಸೆಹಣ್ಣಲ್ಲ. ಕಾಯಬೇಕಾದದ್ದು ಎಲುಬಿಗಾಗಿ ಮಾತ್ರ. ಇನ್ನೊಂದು ಮಾತು: ಪೂರ್ತಿ ಮಲಗಿಬಿಟ್ಟರೆ ನಷ್ಟ ಹೆಚ್ಚು ಎಂಬುದೂ ಇದೇ ಪ್ರಯೋಗದಿಂದ ತಿಳಿಯಿತು. ಡಾಕ್ಟರ್ ಒಪ್ಪಿದರೆ ಸೈಕಲ್ ತುಳಿಯಬಹುದು. ಬಾವಿಯಲ್ಲಿ ನೀರಿದ್ದರೆ, ದೊಡ್ಡವರು ಹತ್ತಿರ ಇದ್ದರೆ, ಈಜಬಹುದು. ಹೃದಯಕ್ಕೆ ಕೆಲಸ ಸಿಗುತ್ತದೆ, ಕಾಲಿಗೆ ಹೊಡೆತ ಬೀಳುವುದಿಲ್ಲ.

ಬಿಕಿಲಾ ಮತ್ತು ಸಾಬ್ಳೆ

ಇಥಿಯೋಪಿಯಾದ ಅಬೆಬೆ ಬಿಕಿಲಾ ಅವರ ಹೆಸರು ಕೇಳಿರಬಹುದು. ಅವರು ಅಲ್ಲಿನ ಚಕ್ರವರ್ತಿಯ ಅಂಗರಕ್ಷಕ ದಳದ ಸಿಪಾಯಿ. ನಮ್ಮ ಭರತಿ ಹುಡುಗರ ಕನಸಿಗೆ ಹತ್ತಿರದವರೇ ಅನ್ನಿ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲಿ ಮ್ಯಾರಥಾನ್ ಓಡಿ ಗೆದ್ದರು. 1964ರ ಟೋಕಿಯೊ ಒಲಿಂಪಿಕ್ಸ್ ಬಂದಾಗ ಅವರಿಗೆ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆ ಆಗಿ ಇನ್ನೂ ಆರು ವಾರ ತುಂಬಿರಲಿಲ್ಲ. ಆದರೂ 2 ಗಂಟೆ 12 ನಿಮಿಷ 11 ಸೆಕೆಂಡಿನಲ್ಲಿ ಓಡಿ, ಆವರೆಗಿನ ಜಗತ್ತಿನ ಎಲ್ಲ ಮ್ಯಾರಥಾನ್ ಸಮಯಗಳನ್ನು ಹಿಂದೆ ಹಾಕಿದರು. ಗೆರೆ ದಾಟಿದ ಮೇಲೆ ಮೈದಾನದ ಹುಲ್ಲಿನ ಮೇಲೆ ಕಾಲೆತ್ತಿ ವ್ಯಾಯಾಮ ಮಾಡುತ್ತಿದ್ದರು. ಇಷ್ಟೇ ಕೇಳಿದರೆ "ಮನಸ್ಸಿದ್ದರೆ ಮಾರ್ಗ" ಅಂತ ಭಾಷಣ ಮಾಡಿಬಿಡಬಹುದು. ಭಾಳ ಜನ ಮಾಡುತ್ತಾರೆ ಕೂಡ.

ಆದರೆ 1968ರಲ್ಲಿ ಮೆಕ್ಸಿಕೊ ನಗರಕ್ಕೆ ಹೋದವರೂ ಅದೇ ಬಿಕಿಲಾ. ಮನಸ್ಸು ಅದೇ, ಛಲ ಅದೇ. ಈ ಸಲ ಪೆಟ್ಟು ಬಿದ್ದದ್ದು ಕಾಲಿನ ಎಲುಬಿಗೆ. ಸುಮಾರು 17 ಕಿಲೋಮೀಟರಿಗೆ ಓಟ ಬಿಟ್ಟು ಹೊರಗೆ ಬಂದರು. ಅವರದೇ ದೇಶದ ಮಾಮೊ ವೊಲ್ಡೆ ಗೆದ್ದರು. ಹೊಟ್ಟೆಯ ತೊಗಲು, ಸ್ನಾಯುಗಳಿಗೆ ರಕ್ತದ ಪೂರೈಕೆ ಭರಪೂರ ಇರುತ್ತದೆ, ಅಲ್ಲಿಯ ಗಾಯ ಬೇಗ ಕೂಡಿಕೊಳ್ಳುತ್ತದೆ. ಹೊಟ್ಟೆಯ ಮೇಲೆ ಹೆಜ್ಜೆಗೊಮ್ಮೆ 150 ಕಿಲೋ ಬೀಳುವುದೂ ಇಲ್ಲ. ಬಿಕಿಲಾರಂಥವರಿಗೂ ಬಗ್ಗದ ಎಲುಬಿನ ಕ್ಯಾಲೆಂಡರ್ ನಮಗೆ ಬಗ್ಗೀತೇ? ಮರುವರ್ಷ ಕಾರಿನ ಅಪಘಾತದಲ್ಲಿ ಅವರ ಕಾಲುಗಳ ಬಲವೇ ಹೋಯಿತು. ಆಮೇಲೆ ಗಾಲಿಕುರ್ಚಿಯಲ್ಲಿ ಕುಳಿತು ಬಿಲ್ಲುಗಾರಿಕೆಯ ಸ್ಪರ್ಧೆಗೆ ಇಳಿದರು. ಅದು ಬೇರೆಯದೇ ಕಥೆ, ಇನ್ನೊಮ್ಮೆ ಬರೆಯುವೆ.

ನಮ್ಮ ರಾಜ್ಯದವರನ್ನೇ ನೋಡ್ರಿ. ಅವಿನಾಶ ಸಾಬ್ಳೆ ಬೀಡ ಜಿಲ್ಲೆಯ ಆಷ್ಟಿ ತಾಲೂಕಿನ ಮಾಂಡವಾ ಊರಿನವರು. ನಮ್ಮ ಜತ್‌ನಂಗ ಅದೂ ಬರದ ನಾಡು. ಸಣ್ಣವರಿದ್ದಾಗ ಶಾಲೆಗೆ ಹೋಗಲು ಬಸ್ಸಿರಲಿಲ್ಲ, ಆರೇಳು ಕಿಲೋಮೀಟರ್ ಕಾಲೇ ಗತಿ. ಹನ್ನೆರಡನೇ ಇಯತ್ತೆ ಮುಗಿಸಿ ಸೈನ್ಯ ಸೇರಿದರು, ಸಿಯಾಚಿನ್‌ನಲ್ಲೂ ಇದ್ದರು. ಸ್ಪರ್ಧೆಗೆ ಅಂತ ಓಡಲು ಶುರು ಮಾಡಿದ್ದು ಸೈನ್ಯಕ್ಕೆ ಸೇರಿದ ಮೇಲೆ, 2015ರ ಹೊತ್ತಿಗೆ. ಅವರ ಓಟ 3000 ಮೀಟರ್ ಸ್ಟೀಪಲ್‌ಚೇಸ್: 28 ಸಲ ಅಡ್ಡಗಟ್ಟೆ ಹಾರಬೇಕು, 7 ಸಲ ನೀರಿನ ಹೊಂಡ ಜಿಗಿಯಬೇಕು.

2018ರಲ್ಲಿ ಪೆಟ್ಟಾಗಿ ಅವರಿಗೆ ಏಷ್ಯನ್ ಗೇಮ್ಸ್ ತಪ್ಪಿತು. ನಾಲ್ಕು ವರ್ಷಕ್ಕೊಮ್ಮೆ ಬರುವ ಕೂಟ! ಅದೇ ವರ್ಷ ಸೆಪ್ಟೆಂಬರಿನಲ್ಲಿ ಭುವನೇಶ್ವರದಲ್ಲಿ 8 ನಿಮಿಷ 29.80 ಸೆಕೆಂಡಿನಲ್ಲಿ ಓಡಿ, 1981ರಿಂದ ಯಾರಿಗೂ ಮುರಿಯಲು ಆಗದಿದ್ದ ಗೋಪಾಲ ಸೈನಿ ಅವರ ರಾಷ್ಟ್ರೀಯ ದಾಖಲೆ ಮುರಿದರು. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿ. ಬಂಗಾರ ತಪ್ಪಿದ್ದು ಒಂದು ಸೆಕೆಂಡಿನ ನೂರರಲ್ಲಿ ಐದು ಭಾಗದಿಂದ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ, 2018ರಲ್ಲಿ ತಪ್ಪಿದ್ದ ಅದೇ ಕೂಟದಲ್ಲಿ, ಬಂಗಾರ. ಮತ್ತೆ 2025ರ ಜುಲೈನಲ್ಲಿ ಮೊನಾಕೊದ ಓಟದಲ್ಲಿ ಮೊಣಕಾಲಿನ ಎಸಿಎಲ್ ಎಂಬ ಕಟ್ಟು ಹರಿದು, ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು. ಸೆಪ್ಟೆಂಬರಿನ ಟೋಕಿಯೊ ವಿಶ್ವ ಚಾಂಪಿಯನ್‌ಶಿಪ್ ಕೈತಪ್ಪಿತು. ಎಸಿಎಲ್ ಅಂದರೆ ತೊಡೆಯ ಎಲುಬನ್ನೂ ಟಿಬಿಯಾವನ್ನೂ ಮೊಣಕಾಲೊಳಗೆ ಹಿಡಿದಿಡುವ ಹಗ್ಗ. ರಕ್ತದ ಪೂರೈಕೆ ಕಡಿಮೆ ಇರುವ ಭಾಗ. ಹರಿದರೆ ತಾನಾಗಿ ಕೂಡುವುದು ಕಠಿಣ. ಮೈಯ ಬೇರೆ ಕಡೆಯ ಹುರಿ ತಂದು ಕೂಡಿಸುತ್ತಾರೆ, ಅದು ಅಲ್ಲಿ ಬೇರೂರಬೇಕು. ಆಟಕ್ಕೆ ಮರಳಲು ಸಾಮಾನ್ಯವಾಗಿ ಒಂಬತ್ತು ತಿಂಗಳಾದರೂ ಬೇಕು. ಅಷ್ಟು ದೊಡ್ಡ ಆಟಗಾರ, ಡಾಕ್ಟರು, ಫಿಜಿಯೊ ಎಲ್ಲ ಜೊತೆಗಿದ್ದರೂ ದಿನಗಳನ್ನು ಎಣಿಸಲೇಬೇಕು.

ತಾಟಿನ ಮಾತು

ಎಲುಬಿನ ಕೆಲಸಗಾರರಿಗೆ ಸಾಮಾನು ಬೇಕಲ್ಲ. ಸುಣ್ಣದ ಅಂಶ ಅಂದರೆ ಕ್ಯಾಲ್ಸಿಯಂ: ಹಾಲು, ಮೊಸರು, ಮಜ್ಜಿಗೆ, ಎಳ್ಳು. ಅದನ್ನು ಕರುಳು ಹೀರಿಕೊಳ್ಳಲು ವಿಟಮಿನ್ ಡಿ: ಅದು ಬಿಸಿಲಿನಿಂದ ತೊಗಲಿನಲ್ಲೇ ತಯಾರಾಗುತ್ತದೆ, ನಮ್ಮಲ್ಲಿ ಬಿಸಿಲಿಗೇನು ಕೊರತೆ. ಪ್ರೋಟೀನಿಗೆ ಬೇಳೆ, ಮಡಕಿ ಕಾಳು, ಶೇಂಗಾ, ತತ್ತಿ. ಭರತಿ ಹುಡುಗರು ಇದರಲ್ಲಿ ತಪ್ಪುವುದು ಒಂದೇ ಕಡೆ: ತೂಕ ಇಳಿಸಬೇಕಂತ ರೊಟ್ಟಿ ಕಡಿಮೆ ಮಾಡಿ, ಓಟ ಹೆಚ್ಚು ಮಾಡುತ್ತಾರೆ. ಉರಿಯಲು ಸೌದೆ ಸಾಲದಿದ್ದರೆ ಮೈ ಮೊದಲು ದುರಸ್ತಿ ಕೆಲಸವನ್ನೇ ನಿಲ್ಲಿಸುತ್ತದೆ. ಹುಡುಗಿಯರಲ್ಲಿ ಇದರ ಗುರುತು ಇನ್ನೂ ಸ್ಪಷ್ಟ. ತಿಂಗಳ ಮುಟ್ಟು ತಪ್ಪತೊಡಗುತ್ತದೆ. ಇದು ನಾಚಿಕೊಂಡು ಮುಚ್ಚಿಡುವ ವಿಷಯ ಅಲ್ಲ. ಅವ್ವನಿಗೆ, ಬಾಯಿಯವರಿಗೆ ಹೇಳ್ರಿ. ಎಲುಬಿಗೂ ಅದಕ್ಕೂ ನೇರ ಸಂಬಂಧ ಐತಿ.

ಹುಡುಗಿಯರ ಇನ್ನೊಂದು ತೊಡಕು ರಕ್ತಹೀನತೆ. 800 ಮೀಟರಿನಲ್ಲಿ ಅರ್ಧಕ್ಕೇ ಎದೆ ಬಡಿದುಕೊಂಡು, ಕಣ್ಣು ಕತ್ತಲೆ ಬಂದರೆ "ನಿನ್ನ ಕೈಲಿ ಆಗೂದಿಲ್ಲ ಬಿಡು" ಅನ್ನುವವರೇ ಹೆಚ್ಚು. ಹಿಮೋಗ್ಲೋಬಿನ್ ತಪಾಸಣೆ ಮಾಡಿಸಿದವರು ಎಷ್ಟು ಮಂದಿ? ಹದಿಹರೆಯದ ಹುಡುಗಿಗೆ ಅದು 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ಆಮ್ಲಜನಕ ಹೊರುವ ಗಾಡಿಗಳೇ ಕಡಿಮೆ ಇದ್ದಾಗ ಛಲದಿಂದ ಏನಾದೀತು? ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಗುಳಿಗೆ ಕಬ್ಬಿಣ ಮತ್ತು ಫೋಲಿಕ್ ಆಮ್ಲದ್ದು. ಅದನ್ನು ಕಿಡಕಿಯಿಂದ ಹೊರಗೆ ಒಗೆಯುವವರು ಯಾರ್ಯಾರು ಅಂತ ನನಗೂ ಗೊತ್ತು! ಪಲ್ಲೆಯ ಮೇಲೆ ಲಿಂಬಿಹಣ್ಣು ಹಿಂಡಿಕೊಂಡರೆ ಕಬ್ಬಿಣ ಹೆಚ್ಚು ಹೀರಿಕೆಯಾಗುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಕಡಿಮೆಯಾಗುತ್ತದೆ. ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ. ಆದ್ದರಿಂದ ಇಲ್ಲಿಯೂ ಎರಡು ದಿನದಲ್ಲಿ ಪವಾಡ ಆಗುವುದಿಲ್ಲ, ತಿಂಗಳುಗಳೇ ಬೇಕು.

ನೀವು ಆರನೇಯಿಂದ ಹತ್ತನೇ ಇಯತ್ತೆಯವರು ಇನ್ನೂ ಬೆಳೆಯುವವರು. ನಿಮ್ಮ ಎಲುಬಿನ ತುದಿಗಳಲ್ಲಿ ಮೆತ್ತನೆಯ ಬೆಳವಣಿಗೆಯ ಪದರ ಐತಿ. ಮೊಣಕಾಲ ಚಿಪ್ಪಿನ ಸ್ವಲ್ಪ ಕೆಳಗೆ ಗಂಟು ಎದ್ದು, ಮೆಟ್ಟಿಲು ಹತ್ತುವಾಗ, ಖೋಖೋ ಆಡುವಾಗ ನೋಯುತ್ತಿದ್ದರೆ ಆಟದ ಸರ್‌ಗೆ ಹೇಳ್ರಿ. ಬೆಳೆಯುವ ವಯಸ್ಸಿನಲ್ಲಿ ಇದು ಸಾಮಾನ್ಯ; ಆಟ ಸ್ವಲ್ಪ ಕಡಿಮೆ ಮಾಡಿದರೆ ಹೆಚ್ಚಿನವರಿಗೆ ಹೋಗುತ್ತದೆ. ನಿದ್ದೆಯನ್ನೂ ಮರೆಯಬ್ಯಾಡ್ರಿ. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಒಸರುವುದು ಗಾಢ ನಿದ್ದೆಯಲ್ಲಿ. ರಾತ್ರಿ ಹನ್ನೆರಡರವರೆಗೆ ಮೊಬೈಲ್ ನೋಡಿ, ನಾಲ್ಕೂವರೆಗೆ ಎದ್ದು ಓಡುವವರು ದುರಸ್ತಿಯ ಪಾಳಿಯನ್ನೇ ರಜೆಗೆ ಕಳಿಸಿದಂತೆ.

ಬೂಟು ಬೇಕೋ ಬ್ಯಾಡೋ ಅಂತ ಭಾಳ ಮಂದಿ ಕೇಳುತ್ತಾರೆ. ನೂರು ವರ್ಷದ ಹಿಂದೆ, 1920ರಲ್ಲಿ, ನಮ್ಮ ಪಕ್ಕದ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಅವರು ಬೆಲ್ಜಿಯಂ ದೇಶದ ಆಂಟ್ವರ್ಪ್ ಒಲಿಂಪಿಕ್ಸ್‌ಗೆ ಹೋಗಿ ಮ್ಯಾರಥಾನ್‌ನಲ್ಲಿ 19ನೆಯವರಾಗಿ ಬಂದರು, 2 ಗಂಟೆ 50 ನಿಮಿಷ 45 ಸೆಕೆಂಡ್. ಆ ಕಾಲದಲ್ಲಿ ನಮ್ಮ ಕಡೆಯ ಓಟಗಾರರು ಬರಿಗಾಲಲ್ಲೇ ಓಡುತ್ತಿದ್ದರು. ಬರಿಗಾಲಿನಿಂದ ಬೂಟಿಗೆ ಬರುವುದೇ ಇರಲಿ, ಮಣ್ಣಿನಿಂದ ಡಾಂಬರಿಗೆ ಬರುವುದೇ ಇರಲಿ, ಬದಲಾವಣೆ ಒಮ್ಮೆಲೇ ಮಾಡಬಾರದು. ಬದಲಾದ ಹೊಡೆತಕ್ಕೆ ಎಲುಬು ಹೊಸದಾಗಿ ಹೊಂದಿಕೊಳ್ಳಬೇಕು. ಗುಡ್ಡಾಪುರದ ದಾನಮ್ಮನ ಜಾತ್ರೆಗೆ ವಿಜಯಪುರ, ಸೊಲ್ಲಾಪುರದ ಕಡೆಯಿಂದ ನಡೆದು ಬರುವ ಭಕ್ತರನ್ನು ನೋಡಿದ್ದೀರಲ್ಲ? ದಿನಾ ಹೊಲದಾಗ ನಡೆಯುವ ಅಜ್ಜಿ ನಗುನಗುತ್ತ ಬರುತ್ತಾಳೆ, ವರ್ಷವಿಡೀ ಅಂಗಡಿಯಲ್ಲಿ ಕುಳಿತವರು ಕಾಲು ಎಳೆಯುತ್ತ ಬರುತ್ತಾರೆ. ಭಕ್ತಿ ಇಬ್ಬರದೂ ಅಷ್ಟೇ.

ಮರಳಿ ರಸ್ತೆಗೆ

ಎಂಟು ವಾರ ಮುಗಿದ ಮೇಲೆ ನಮ್ಮ ಹುಡುಗ ನೇರ ಓಡಲಿಲ್ಲ. ಮೊದಲು ನೋವಿಲ್ಲದೆ ಅರ್ಧ ತಾಸು ನಡೆಯುವುದು. ಅದು ಸಲೀಸಾದ ಮೇಲೆ ಒಂದು ನಿಮಿಷ ಓಟ, ನಾಲ್ಕು ನಿಮಿಷ ನಡಿಗೆ, ಹೀಗೆ ಐದು ಸಲ. ಅದೂ ದಿನ ಬಿಟ್ಟು ದಿನ. ಆಮೇಲೆ ಎರಡು ನಿಮಿಷ ಓಟ, ಮೂರು ನಿಮಿಷ ನಡಿಗೆ. ಡಾಂಬರ್ ಬಿಟ್ಟು ಹೊಲದ ಬಂಡಿದಾರಿ.

ದಿನ ಬಿಟ್ಟು ದಿನ ಯಾಕೆ ಅಂದರೆ, ಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳಿಂದ ಒಂದು ಮಜಾ ವಿಷಯ ತಿಳಿದಿದೆ. ಎಲುಬಿನ ಕೋಶಗಳು ಕೆಲವೇ ಹೊಡೆತಗಳಿಗೆ "ಗಟ್ಟಿಯಾಗಬೇಕು" ಎಂಬ ಸಂದೇಶ ಹಿಡಿಯುತ್ತವೆ. ಆಮೇಲೆ ಬೀಳುವ ಹೊಡೆತಗಳಿಗೆ ಕಿವುಡಾಗುತ್ತವೆ. ಕಿವಿ ಮತ್ತೆ ತೆರೆಯಲು ತಾಸುಗಟ್ಟಲೆ ವಿಶ್ರಾಂತಿ ಬೇಕು. ಹಾಗಾಗಿ ಒಂದೇ ಹೊತ್ತಿಗೆ ಹತ್ತು ಕಿಲೋಮೀಟರ್ ಬಡಿದರೆ ಎಲುಬಿಗೆ ಹತ್ತು ಪಟ್ಟು ಲಾಭ ಇಲ್ಲ, ಸವೆತ ಮಾತ್ರ ಹೆಚ್ಚು. ತಪ್ಪು ಮಾಡಿದ ಮಗನಿಗೆ ತಾಸುಗಟ್ಟಲೆ ಬೈದರೂ ಮೊದಲ ಎರಡು ಮಾತಷ್ಟೇ ಕಿವಿಗೆ ಬೀಳುವುದಿಲ್ಲವೇ, ಹಂಗ.

ಐದನೇ ವಾರಕ್ಕೆ ಅವನಿಗೆ ಮತ್ತೆ ಉಸಿರು ಸಲೀಸಾಯಿತು. ಗೆಳೆಯರು ಕರೆದರು, ಗಡಿಯಾರ ಹಚ್ಚಿ 1600 ಮೀಟರ್ ಪೂರ್ತಿ ಜೋರಿನಿಂದ ಓಡಿಬಿಟ್ಟ. ಸಂಜೆಗೆ ಅದೇ ಜಾಗದಲ್ಲಿ ನೋವು. ಈ ಸಲ ಗುಳಿಗೆ ನುಂಗಲಿಲ್ಲ. ಮರುದಿನವೇ ಓಟ ನಿಲ್ಲಿಸಿ ಡಾಕ್ಟರಲ್ಲಿಗೆ ಹೋದ. ಹೊಸ ಬಿರುಕೇನೂ ಇರಲಿಲ್ಲ. ಎರಡು ವಾರ ಹಿಂದಕ್ಕೆ ಹೋಗಿ, ನಡಿಗೆಯಿಂದ ಮತ್ತೆ ಶುರು ಮಾಡಿದ. ಆಮೇಲೆ ಕೆಲವು ದಿನ ಒಬ್ಬನೇ ಓಡಿದ. ಜೊತೆಗಾರರಿದ್ದರೆ ಕಾಲು ತಾನಾಗೇ ಜೋರಾಗುತ್ತದಂತೆ. ಈಗ ಮೂರು ಕಿಲೋಮೀಟರ್ ನಿಲ್ಲದೆ ಓಡುತ್ತಾನೆ. ವಾರಕ್ಕೆ ನಾಲ್ಕೇ ದಿನ. ಮುಂದಿನ ಭರತಿಯ ಜಾಹೀರಾತು ಇನ್ನೂ ಬಂದಿಲ್ಲ.

ಅವನು ಇಟ್ಟುಕೊಂಡ ಒಂದು ವಹಿ ನನಗೆ ಹಿಡಿಸಿತು. ನೀವೂ ಮಾಡಬಹುದು, ಖರ್ಚಿಲ್ಲ. ಬೆಳಿಗ್ಗೆ ಎಚ್ಚರವಾದ ಕೂಡಲೇ, ಹಾಸಿಗೆ ಬಿಡುವ ಮೊದಲು, ಹೆಬ್ಬೆರಳಿನ ಬುಡದ ಹತ್ತಿರ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಒಂದು ನಿಮಿಷ ನಾಡಿ ಎಣಿಸ್ರಿ. ಹೆಬ್ಬೆರಳಿನಿಂದ ಎಣಿಸಬ್ಯಾಡ್ರಿ, ಅದರಲ್ಲೇ ಒಂದು ನಾಡಿ ಬಡಿಯುತ್ತಿರುತ್ತದೆ, ಲೆಕ್ಕ ತಪ್ಪುತ್ತದೆ. ಏಳು ದಿನ ಬರೆದರೆ ನಿಮ್ಮ ಸರಾಸರಿ ಸಿಗುತ್ತದೆ. ಪಕ್ಕದಲ್ಲಿ ಹಿಂದಿನ ದಿನ ಎಷ್ಟು ಓಡಿದಿರಿ ಅಥವಾ ಆಡಿದಿರಿ, ಎಷ್ಟು ತಾಸು ಮಲಗಿದಿರಿ, ಎಲ್ಲಿ ನೋವಿದೆ ಎಂಬ ಮೂರು ಕಾಲಂ ಹಾಕ್ರಿ. ಯಾವುದೋ ದಿನ ನಾಡಿ ಸರಾಸರಿಗಿಂತ ಎಂಟು ಹತ್ತು ಬಡಿತ ಹೆಚ್ಚಿದ್ದರೆ ಆ ಸಾಲಿನ ಉಳಿದ ಕಾಲಂ ನೋಡ್ರಿ: ನಿದ್ದೆ ಕಡಿಮೆಯಾಗಿತ್ತೋ, ಜ್ವರ ಬರುವುದಿದೆಯೋ, ನಿನ್ನೆಯ ದಣಿವು ಇಳಿದಿಲ್ಲವೋ. ಒಂದು ತಿಂಗಳು ತುಂಬಿದ ಮೇಲೆ ವರ್ಗದಲ್ಲಿ ಎಲ್ಲರ ವಹಿ ಕೂಡಿಸಿ ಆಲೇಖ ಬಿಡಿಸ್ರಿ. ಓಡುವವರ ಗೆರೆಯೂ ಓಡದವರ ಗೆರೆಯೂ ಎಲ್ಲಿ ಬೇರೆಯಾಗುತ್ತವೆ ನೋಡೋಣ. ಮನೆಯಲ್ಲಿ ಭರತಿಗೆ ಓಡುವ ಅಣ್ಣನೋ ಅಕ್ಕನೋ ಇದ್ದರೆ ಅವರ ನಾಡಿಯನ್ನೂ ನೀವೇ ಎಣಿಸಿ ಬರೀರಿ. ಅಷ್ಟು ನಸುಕಿನಲ್ಲಿ ಅವರಿಗೆ ವಹಿ ಹಿಡಿಯಲು ಪುರಸೊತ್ತು ಇರುವುದಿಲ್ಲ.